ನಡೆಯದೆ ಅಳೆದ ಕಮಲಾಪುರ

ಅಣವೀರಪ್ಪ ಸುಳ್ಳು ಹೇಳುವ ಮನುಷ್ಯನಾಗಿರಲಿಲ್ಲ. ಇದ್ದದ್ದಕ್ಕೆ ಒಂದಿಷ್ಟು ಒಗ್ಗರಣೆ ಹಾಕುತ್ತಿದ್ದ, ಅಷ್ಟೆ. ಒಗ್ಗರಣೆ ಹೆಚ್ಚಾಗಿ ಒಳಗಿನ ಬೇಳೆಯೇ ಕಾಣದಂತಾದರೆ ಅವನಾದರೂ ಏನು ಮಾಡಬೇಕು?

ಸ್ಟೇಶನ್ ಬಜಾರದ ನಾಗಣ್ಣನ ಹೊಟೇಲಿನಲ್ಲಿ ಅವನು ಬಂದು ಕೂತನೆಂದರೆ ರೈಲಿಗೆ ಹೊರಟವರೂ ಗಂಟು ಕೆಳಗಿಳಿಸುತ್ತಿದ್ದರು. ನಿಜಾಮರ ರಾಜ್ಯಕ್ಕೆ ಫೌಜು ಬಂದ ಪೊಲೀಸ್ ಕಾರ್ಯಾಚರಣೆಯ ದಿನಗಳಲ್ಲಿ ಕಲಬುರಗಿಯ ಮೇಲೆ ಹಾದ ವಿಮಾನವೊಂದು ಎಷ್ಟು ಕೆಳಗೆ ಬಂದಿತ್ತೆಂದರೆ, ಅವನ ತಲೆಯ ರುಮಾಲು ಅದರ ರೆಕ್ಕೆಗೆ ಸಿಕ್ಕಿ ಸೊಲ್ಲಾಪುರದವರೆಗೆ ಹೋಗಿತ್ತಂತೆ. ಮಾರನೆಯ ದಿನ ರೈಲಿನ ಗಾರ್ಡು ಅದನ್ನು ತಂದುಕೊಟ್ಟನಂತೆ.

“ಹಂಗೇ ಕೊಟ್ನೋ, ಒಗದು ಕೊಟ್ನೋ?” ಎಂದು ನಾಗಣ್ಣ ಕೇಳಿದ.

“ಒಗದಿದ್ದಿಲ್ಲ. ಇಸ್ತ್ರಿ ಮಾಡಿದ್ದ.”

ಹೊಟ್ಟೆಪಾಡಿಗೆ ಅವನಿಗೊಂದು ಛಾಪಖಾನೆ ಇತ್ತು. ನುಣುಪಾದ ಕಲ್ಲಿನ ಮೇಲೆ ಬರಹ ಮೂಡಿಸಿ, ಮಸಿ ಸವರಿ, ಹಾಳೆ ಒತ್ತುವ ಕಲ್ಲಚ್ಚಿನ ಯಂತ್ರ. ಮದುವೆ ಕಾಗದ, ತಲೆನೋವಿನ ಎಣ್ಣೆಯ ಜಾಹೀರಾತು, ನಾಟಕದ ಹಸ್ತಪತ್ರಿಕೆ, ಏನು ಬಂದರೂ ಛಾಪಿಸುತ್ತಿದ್ದ. ತನ್ನ ಹೆಸರನ್ನು ಮಾತ್ರ ಯಾವುದರ ಮೇಲೂ ಛಾಪಿಸುವ ಯೋಗ ಬಂದಿರಲಿಲ್ಲ. ಮಂದಿ ಮದುವೆ ಕಾಗದವನ್ನು ಓದಿ, ಮದುವೆಯಾದವರ ಹೆಸರು ನೆನಪಿಟ್ಟುಕೊಂಡು, ಕಾಗದವನ್ನು ಗೂಡಿನೊಳಗೆ ತುರುಕುತ್ತಿದ್ದರು.

ಯೋಗ ಬಂದದ್ದು ಇಕ್ಬಾಲ್ ಬೇಗಂ ಕಡೆಯಿಂದ.

ಕೋಟೆಯ ಹಿಂದಿನ ಓಣಿಯಲ್ಲಿ ಅವಳ ಮನೆ. ಗಂಡ ನಿಜಾಮರ ಕಾಲದಲ್ಲಿ ನಕ್ಷೆ ಕಚೇರಿಯಲ್ಲಿ ಗೆರೆ ಎಳೆಯುತ್ತಿದ್ದವನು. ಅವನು ಬದುಕಿದ್ದಾಗಲೇ ಪಕ್ಕದಲ್ಲಿ ಕೂತು ಕೈ ಪಳಗಿಸಿಕೊಂಡಿದ್ದಳು. ಅವನು ತೀರಿಕೊಂಡ ಮೇಲೆ ಆ ಕೈಯೇ ಅವಳ ಆಧಾರವಾಯಿತು. ಪರದೆಯ ಹೆಂಗಸು. ಊರ ದೇವರು ಅಪ್ಪನ ಗುಡಿಯ ಕೆರೆಯನ್ನಾಗಲಿ, ಸ್ಟೇಶನ್ ಬಜಾರವನ್ನಾಗಲಿ ಕಾಲಲ್ಲಿ ನಡೆದು ನೋಡಿದವಳಲ್ಲ. ಆದರೆ ಸರ್ಕಾರದವರು ಈಗ ವಿಮಾನ ಹಾರಿಸಿ ಊರೂರಿನ ಫೋಟೋ ತೆಗೆಸಿದ್ದರು. ಗಂಡನ ಜೊತೆ ದುಡಿದಿದ್ದವರೊಬ್ಬರು ಕಮಲಾಪುರದ ಫೋಟೋವನ್ನು ಇಜಾಜತ್ ಸಮೇತ, ಅಂದರೆ ನಕ್ಷೆ ಇಳಿಸಿಕೊಳ್ಳುವ ಪರವಾನಗಿ ಸಮೇತ, ಅವಳ ಮನೆಗೆ ಕಳಿಸಿದ್ದರು. ಹುಮನಾಬಾದಿನ ಕಡೆಗೆ ಅಗಲ ರಸ್ತೆ ಮಾಡುವವರಿದ್ದರು, ಅವರಿಗೆ ನಕ್ಷೆ ಬೇಕಾಗಿತ್ತು. ಹೀಗೆ ಎದುರು ಮನೆಯ ಬಾಗಿಲಿನ ಬಣ್ಣವೇನೆಂದು ಗೊತ್ತಿಲ್ಲದ ಹೆಂಗಸು ದೂರದ ಊರೊಂದನ್ನು ಹದ್ದಿನ ಹಾಗೆ ಮೇಲಿನಿಂದ ನೋಡುತ್ತ ಕೂತಿದ್ದಳು.

ಛಾಪಿಸುವವನು ಬೇಕೆಂದು ಅಣವೀರಪ್ಪನನ್ನು ಕರೆಸಿದಳು. ಅವನು ಪರದೆಯ ಈಚೆ, ಅವಳು ಆಚೆ. ನಡುವೆ ಮುದುಕಿ ಮಸ್ತಾನಬಿ, ಚಹವನ್ನು ಈಚೆಗೂ ಹಾಳೆಯನ್ನು ಆಚೆಗೂ ಸಾಗಿಸುವವಳು.

“ಇಜಾಜತ್ ಏನದ ಕೇಳು ಭಾಯಿ,” ಎಂದಳು ಇಕ್ಬಾಲ್ ಬೇಗಂ. “ಫೋಟೋ ಸರ್ಕಾರದ್ದು. ಗೆರಿ ನಂದು. ನಡದು ನೋಡೋದು ನಿಂದು. ನಕ್ಷಾ ಯಾರ ಬೇಕಾದ್ರೂ ಒಯ್ಲಿ, ಬ್ಯಾಡ ಅನ್ನಾಂಗಿಲ್ಲ. ಖರೆ ಈ ಮೂರೂ ಮಾತು ನಕ್ಷಾದ ಕೆಳಗ ಇರ್ಬೇಕು. ಫೋಟೋದಾಗ ತಿಳೀಲಾರದ್ದು ಏನರ ಇದ್ರ, ಕಣ್ಣಿಲೆ ನೋಡಿ ಬಂದ ಮ್ಯಾಲೇ ಬರೀಬೇಕು. ಒಂದು ತಪ್ಪಿದ್ರೂ ಇಜಾಜತ್ ಹೋತು.”

“ಮೂರ್ಯಾಕ ಆಪಾ, ಆರು ಮಾತು ಬರಿಯೂನು,” ಎಂದ ಅಣವೀರಪ್ಪ. ಅವಳು ಭಾಯಿ ಎಂದದ್ದಕ್ಕೆ ಇವನೂ ಆಪಾ, ಅಂದರೆ ಅಕ್ಕ, ಎಂದಿದ್ದ.

ಪರದೆಯ ಕೆಳಗಿನಿಂದ ತೆಳುವಾದ ಎಣ್ಣೆ ಕಾಗದ ಜಾರಿ ಬಂತು. ಓಣಿ, ಹಳ್ಳ, ಬಾಳೆ ತೋಟ, ಎಲ್ಲವೂ ಕೂದಲೆಳೆಯಂಥ ಗೆರೆಗಳಲ್ಲಿ ಮೂಡಿದ್ದವು. ಊರ ಅಂಚಿನಲ್ಲಿ ಮಾತ್ರ ಒಂದು ಜಾಗ ಖಾಲಿ ಇತ್ತು.

“ಅಲ್ಲಿ ಏನೋ ಬೆಳ್ಳಗ ಅದ. ದೊಡ್ಡದು, ಚೌಕ. ನಡುವ ಒಂದು ಕರಿ ಚುಕ್ಕಿ. ಬಾಜೂಕ ಸ್ವಲ್ಪ ದೂರ ಬಿಟ್ಟು ಇನ್ನೊಂದು ಸಣ್ಣ ಬಿಳೀದು. ಮನಿ ಅನ್ನಾಕ ನೆರಳಿಲ್ಲ. ಉಳಿದ ಮನಿಗೆಲ್ಲಾ ನೆರಳ ಬಿದ್ದದ, ಇದಕ್ಕ ಇಲ್ಲ. ನನಗ ತಿಳೀವಲ್ದು, ಅದಕ್ಕ ಖಾಲಿ ಬಿಟ್ಟೀನಿ. ನೀ ಹೋಗಿ ನೋಡ್ಕೊಂಡು ಬಾ.”

ಅಣವೀರಪ್ಪ ಹೊರಟ. ಖರೆ ಹೊರಟ. ಹೆಗಲಿಗೆ ಚೀಲ, ಕಾಲಿಗೆ ಹೊಸ ಚಪ್ಪಲಿ. ಬಸ್ಸು ನಿಲ್ಲುವಲ್ಲಿ ಮಂದಿ ಕೂತಿದ್ದರು, ಸುಮ್ಮನೆ ಕೂತಿದ್ದರು. ಹಾಗೆ ಸುಮ್ಮನೆ ಕೂತ ಮಂದಿಯನ್ನು ನೋಡಿ ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಕಮಲಾಪುರದ ಕೆಂಪು ಬಾಳೆಯ ಗೊನೆಯೊಂದನ್ನು ಇಳಿಸುವಾಗ ಗಿಡದ ಜೊತೆ ಬಾವಿಯ ಕಟ್ಟೆಯೂ ಕಿತ್ತು ಬಂದ ಪ್ರಸಂಗವನ್ನು ಎತ್ತಿಕೊಂಡ. ಪ್ರಸಂಗ ಮುಗಿದಾಗ ಬಸ್ಸು ಇರಲಿಲ್ಲ. ಕೇಳುತ್ತ ಕೂತವರಿಗೂ ಅದು ತಪ್ಪಿತ್ತು. ಅವರು ಅವನ ಏಳು ತಲೆಮಾರಿಗೂ ಬೈದು ನಡೆದರು.

ನಾಗಣ್ಣನ ಹೊಟೇಲಿನಲ್ಲಿ ಮಿರ್ಚಿ ಭಜಿ ತಿಂದು, ಹೊತ್ತು ಇಳಿಯುವಾಗ ಕೋಟೆಯ ಹಿಂದಿನ ಓಣಿಗೆ ಹೋದ. ಬಸ್ಸು ತಪ್ಪಿತು ಎಂದು ಹೇಳಲೆಂದೇ ಹೋದದ್ದು. ಆದರೆ ಪರದೆಯ ಆಚೆಯಿಂದ “ನೋಡಿ ಬಂದ್ಯಾ ಭಾಯಿ?” ಎಂದು ಕೇಳಿದ ದನಿಯಲ್ಲಿ ಎಂಥ ಆಸೆಯಿತ್ತೆಂದರೆ, ಅವನ ಬಾಯಿ ಅವನನ್ನು ಕೇಳದೆಯೇ ತೆರೆದುಕೊಂಡಿತು.

“ನೋಡ್ದೆ ಆಪಾ. ಮನಿ. ಅಂಥಿಂಥ ಮನಿ ಅಲ್ಲ, ಗಚ್ಚಿನ ಹವೇಲಿ. ಸುಣ್ಣ ಹೊಡದಾರ ನೋಡು, ಕಣ್ಣ ಕುಕ್ತದ.”

“ನೆರಳ್ಯಾಕಿಲ್ಲ ಮತ್ತ?”

“ಗಿಡ್ಡ ಹವೇಲಿ.”

“ಆ ಕರಿ ಚುಕ್ಕಿ?”

“ಅಂಗಳದಾಗಿನ ಬಾವಿ. ನೀರು ಕಬ್ಬಿನ ಹಾಲು ಇದ್ದಂಗ ಅದ.”

“ಸಣ್ಣದು ಯಾಕ ಅಷ್ಟು ದೂರ ಅದ?”

“ಅಡಗಿ ಮನಿ. ಹೊಗಿ ಬರಬಾರ್ದಂತ ದೂರ ಕಟ್ಯಾರ.”

ಎಲ್ಲಕ್ಕೂ ಉತ್ತರ ಸಿಕ್ಕಿತು. ಇಕ್ಬಾಲ್ ಬೇಗಂ “ನೀ ಕಣ್ಣಿಲೆ ನೋಡೀದಿ ಅಂದ್ರ ಬರೀತೀನಿ,” ಎಂದಳು. ಖಾಲಿ ಜಾಗದಲ್ಲಿ ಹವೇಲಿ ಎದ್ದಿತು, ನಡುವೆ ಬಾವಿ, ಪಕ್ಕಕ್ಕೆ ಅಡುಗೆ ಮನೆ.

ಅಲ್ಲಿಗೆ ನಿಲ್ಲಬಹುದಿತ್ತು. ಆದರೆ ಹವೇಲಿ ಎಂದ ಮೇಲೆ ಒಳಗೆ ಯಾರಾದರೂ ಇರಬೇಕಲ್ಲ? ಮುಂದಿನ ಸಲ ದಿಲ್ಶಾದ್ ಬೇಗಂ ಎಂಬ ಮುದುಕಿ ಅಲ್ಲಿ ವಾಸಕ್ಕೆ ಬಂದಳು. ಅವಳಿಗೊಂದು ಗಿಣಿ. ಅವಳ ಮನೆಯ ಗೋಡೆಗೆ ಸಂಜೆ ಹೊತ್ತು ಬಾಳೆಗೊನೆಗಳ ಕೆಂಪು ಹೊಡೆದು ಓಣಿಯೆಲ್ಲ ಮದುವೆ ಮನೆಯಂತೆ ಕಾಣುತ್ತಿತ್ತು. ಅಣವೀರಪ್ಪ ಹೇಳುತ್ತ ಹೋದ ಹಾಗೆ ಪರದೆಯ ಆಚೆ ಉಸಿರು ಸಹ ಮೆಲ್ಲಗಾಗುತ್ತಿತ್ತು. ಹೊಟೇಲಿನ ಮಂದಿ ನಗಲಿಕ್ಕೆ ಕೇಳುತ್ತಿದ್ದರು. ಇವಳು ಊರು ನೋಡಲಿಕ್ಕೆ ಕೇಳುತ್ತಿದ್ದಳು.

ದಿಲ್ಶಾದ್ ಬೇಗಂ ಇವಳಿಗೆ ಸಲಾಮು ಹೇಳಿ ಕಳಿಸಿದಳು. ಸಲಾಮು ಬಂದ ಮೇಲೆ ಸುಮ್ಮನಿರಲಾಗುತ್ತದೆಯೆ? ಮಸ್ತಾನಬಿ ಒಂದು ಚಿಕ್ಕ ಭರಣಿ ತಂದು ಅವನ ಮುಂದಿಟ್ಟಳು.

“ಮಾವಿನ ಉಪ್ಪಿನಕಾಯಿ ಅದ,” ಎಂದಿತು ಪರದೆ. “ದಿಲ್ಶಾದ್ ಆಪಾಗ ಕೊಡು. ನಾನಂತೂ ಯಾರ ಮನಿಗೂ ಹೋಗಾಂಗಿಲ್ಲ. ನನ್ನ ಉಪ್ಪಿನಕಾಯಿ ಆದ್ರೂ ಹೋಗ್ಲಿ.”

ಆ ಉಪ್ಪಿನಕಾಯಿ ಸ್ಟೇಶನ್ ಬಜಾರ ದಾಟಲಿಲ್ಲ. ನಾಗಣ್ಣನ ಹೊಟೇಲಿನ ರೊಟ್ಟಿಯ ಜೊತೆ ಅದು ಎಷ್ಟು ರುಚಿಯಾಗಿತ್ತೆಂದರೆ, ಅದನ್ನು ಕುರಿತು ಒಗ್ಗರಣೆ ಹಾಕುವ ಅಗತ್ಯವೇ ಬೀಳಲಿಲ್ಲ. ಭರಣಿಯನ್ನು ತೊಳೆದು, ಸಲಾಮು ತುಂಬಿಸಿಕೊಂಡು ವಾಪಸು ಕೊಟ್ಟ. ಅದು ಮತ್ತೆ ತುಂಬಿ ಬಂತು.

ನಕ್ಷೆ ಕಲ್ಲಿಗೆ ಇಳಿಯಿತು. ಮೊದಲ ಹಾಳೆಯನ್ನು ಅಣವೀರಪ್ಪ ಶುದ್ಧವಾಗಿಯೇ ತೆಗೆದ. ಸರ್ಕಾರದ ವಿಮಾನದ ಫೋಟೋದಿಂದ ಇಳಿಸಿದ್ದು; ಗೆರೆ ಇಕ್ಬಾಲ್ ಬೇಗಂ ಅವರದು; ನಡೆದು ನೋಡಿದವರು ಅಣವೀರಪ್ಪ. ಮೂರು ಸಾಲು ಮೂರು ಸಾಲಾಗಿಯೇ ಇದ್ದವು. ಆ ಹಾಳೆಯನ್ನು ಅವಳಿಗೆ ಕೊಟ್ಟು ಬಂದ. ಅವಳು ತನ್ನ ಹೆಸರಿನ ಮೇಲೆ ಬೆರಳಾಡಿಸುತ್ತ ಕೂತಿದ್ದಾಳೆ ಎಂದು ಮಸ್ತಾನಬಿ ಬಾಗಿಲವರೆಗೆ ಬಂದು ಹೇಳಿದಳು.

ಛಾಪಖಾನೆಗೆ ಮರಳಿ ಕಲ್ಲಿನ ಮುಂದೆ ನಿಂತ. ವಿಮಾನದ ನಕ್ಷೆ ಎಂದರೆ ಯಾರು ನೆಚ್ಚುತ್ತಾರೆ, ವಿಮಾನದ ಸದ್ದು ಕೇಳಿ ಮಂದಿ ಕದ ಹಾಕಿಕೊಂಡು ಇನ್ನೂ ಎಷ್ಟು ಕಾಲವಾಯಿತು ಎಂದುಕೊಂಡ. ಬೇಗಂ ಹೆಸರು ಈಗಿನ ದಿನಮಾನದಲ್ಲಿ ನಡೆಯುತ್ತದೋ ಇಲ್ಲವೋ ಎಂದುಕೊಂಡ. ಹಾಗೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬಹುದು ಎಂದು ಅವನೇ ಹೇಳಿಕೊಂಡ. ಉಜ್ಜುವ ಕಲ್ಲು ಕೈಗೆ ಬಂತು. ಮೇಲಿನ ಎರಡು ಸಾಲು ಅಳಿಸಿಹೋದವು. ಮೂರನೆಯದಕ್ಕೆ ಸ್ವಲ್ಪ ಜಾಗ ಹೆಚ್ಚಾಯಿತು. ಆ ಜಾಗದಲ್ಲಿ, “ಅಣವೀರಪ್ಪನವರು ಖುದ್ದು ನಡೆದು ಅಳೆದ ನಕ್ಷೆ” ಎಂದು ಮೂಡಿಸಿದ. ಅಕ್ಷರ ಚೆಂದ ಬಂದಿದ್ದವು. ಹಾಳೆ ಒಣಗುವ ತನಕ ಅವುಗಳನ್ನೇ ನೋಡುತ್ತ ನಿಂತಿದ್ದ.

ರಸ್ತೆಯ ಸಾಹೇಬರು ಹಾಳೆಗಳನ್ನು ತರಿಸಿಕೊಂಡರು, ನೋಡಿದರು, ಮೆಚ್ಚಿದರು. ಮೆಚ್ಚಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಅಳೆದವರೇ ಕಮಲಾಪುರಕ್ಕೆ ಬಂದು ಊರವರ ಎದುರು ನಕ್ಷೆ ವಿವರಿಸಲಿ ಎಂದು ಹೇಳಿ ಕಳಿಸಿದರು.

ಹೀಗೆ ಅಣವೀರಪ್ಪ ಕಮಲಾಪುರದಲ್ಲಿ ಮೊದಲ ಸಲ ಕಾಲಿಟ್ಟದ್ದು, ಆ ಊರನ್ನು ಅಡಿ ಅಡಿ ಅಳೆದವನೆಂಬ ಹೆಸರು ಹೊತ್ತುಕೊಂಡು.

ಬಸ್ಸಿನಿಂದ ಇಳಿದವನಿಗೆ ಚಾವಡಿ ಎಲ್ಲಿದೆಯೆಂದು ಕೇಳಲೂ ಬಾಯಿಲ್ಲ. ಧೈರ್ಯ ಮಾಡಿ ಒಂದು ದಾರಿ ಹಿಡಿದ.

“ಯಣ್ಣಾ, ಹೊಸಬರೇನ್ರಿ ಊರಿಗಿ?” ಹಿಂದಿನಿಂದ ಹೆಣ್ಣು ದನಿ. ತಲೆಯ ಮೇಲೆ ಕೆಂಪು ಬಾಳೆಯ ಬುಟ್ಟಿ ಹೊತ್ತಿದ್ದಳು.

“ನಾ? ಈ ಊರಿನ ಕಲ್ಲು ಕಲ್ಲೂ ಗೊತ್ತದ ನನಗ.”

“ಹಂಗಾರ ಆ ಕಡಿ ಯಾಕ ಹೊಂಟೀರಿ? ಅದು ತಿಪ್ಪಿ. ಚಾವಡಿಗಾದ್ರ ನನ್ನ ಹಿಂದ ಬರ್ರಿ.”

ಅವಳು ಪುತಳಾಬಾಯಿ. ಊರ ಹೊರಗಿನ ಓಣಿಯವಳು. ಗಂಡ ಪೀರಪ್ಪನ ಜೊತೆ ಕಲ್ಲು ಆರಿಸಿ, ಹಳ್ಳದ ನೀರು ತಿರುಗಿಸಿ, ಒಂದು ತುಂಡು ಬಾಳೆ ತೋಟ ಮಾಡಿಕೊಂಡಿದ್ದಳು. ಅದನ್ನೆಲ್ಲ ದಾರಿಯಲ್ಲಿ ಅವಳೇ ಹೇಳಿದಳು. ಅಣವೀರಪ್ಪನ ಜೀವನದಲ್ಲಿ ಬೇರೆಯವರು ಮಾತಾಡಿ ಅವನು ಕೇಳಿದ ದಾರಿ ಅದೊಂದೇ.

ಚಾವಡಿಯ ಗೋಡೆಗೆ ನಕ್ಷೆ ಹಚ್ಚಿದ್ದರು. ಊರ ಗೌಡ ಭೀಮಶಾ ಜಮಖಾನೆಯ ಮೇಲೆ, ಉಳಿದವರು ಕಟ್ಟೆಯ ಮೇಲೆ, ಪೀರಪ್ಪ ಪುತಳಾಬಾಯಿ ಮತ್ತು ಅವರ ಓಣಿಯವರು ಕಟ್ಟೆಯ ಕೆಳಗೆ. ಸಾಹೇಬರು ಹೈದರಾಬಾದಿನ ಕಡೆಯ ಹುಡುಗು ಮುಖದವರು, ಕೈಯಲ್ಲಿ ಕೆಂಪು ಪೆನ್ಸಿಲ್ಲು.

“ಅಣವೀರಪ್ಪನವರೆ, ಈ ಊರಿನ ವಿಮಾನದ ಫೋಟೋ ಕಲಬುರಗಿಯಲ್ಲಿ ಒಬ್ಬ ಬೇಗಂ ಅವರಿಗೆ ಕೊಟ್ಟಿದೆ ಅಂತ ಕೇಳಿದ್ದೆ. ಇದು ಅದರಿಂದ ಇಳಿಸಿದ್ದಲ್ಲವೇ?”

“ಛೇ ಛೇ! ಮುಗಿಲಾಗ ಕುಂತು ಊರ ಅಳ್ಯಾಕ ಬರ್ತದೇನ್ರಿ ಸಾಹೇಬ್ರ? ಈ ಕಾಲಿಲೆ ಅಳದೀನಿ. ಎರಡು ಜೋಡಿ ಚಪ್ಲಿ ಹರದಾವ.”

ಸಾಹೇಬರು ತಲೆಯಾಡಿಸಿ ನಕ್ಷೆಗೆ ತಿರುಗಿದರು. ಕೆಂಪು ಪೆನ್ಸಿಲ್ಲು ನೇರವಾಗಿ ಬಂದು ಹವೇಲಿಯ ಹತ್ತಿರ ನಿಂತಿತು.

“ಇಷ್ಟು ದೊಡ್ಡ ಮನೆ ಒಡೆಯೋದು ಬೇಡ. ಇಲ್ಲಿ ರಸ್ತೆಯನ್ನು ಬಾಗಿಸೋಣ.” ಗೆರೆ ಬಾಗಿ, ಪಕ್ಕದ ತೋಟವೊಂದರ ನಡುವೆ ಹಾದುಹೋಯಿತು. “ಈ ತೋಟ ಯಾರದು?”

“ನಮ್ದು ರೀ,” ಎಂದ ಪೀರಪ್ಪ. ಅವನ ಕೈ ತಲೆಯ ರುಮಾಲಿಗೆ ಹೋಗಿ ಅಲ್ಲೇ ಉಳಿಯಿತು.

“ಬಡವ್ರು ರೀ ಸಾಹೇಬ್ರ, ಸರ್ಕಾರ ಬ್ಯಾರೆ ಕಡಿ ಏನರ ಕೊಡ್ತದ ಬಿಡ್ರಿ,” ಎಂದ ಭೀಮಶಾ ಗೌಡ, ಅವಸರದಲ್ಲಿ.

“ಆಯಿತು. ಈ ದೊಡ್ಡ ಮನೆ ಯಾರದು ಗೌಡರೆ?”

ಗೌಡ ತನ್ನ ಕಾಲ ಹೆಬ್ಬೆರಳು ನೋಡಿಕೊಂಡ. ಕಟ್ಟೆಯ ಮೇಲಿನ ಗಂಡಸರೆಲ್ಲ ತಂತಮ್ಮ ಹೆಬ್ಬೆರಳು ನೋಡಿಕೊಂಡರು. ಅಣವೀರಪ್ಪನಿಗೆ ಮೌನವೆಂದರೆ ಖಾಲಿ ತಾಟಿನಂತೆ, ಏನಾದರೂ ಬಡಿಸಲೇಬೇಕು.

“ದಿಲ್ಶಾದ್ ಬೇಗಂ ಅವ್ರದು ರೀ. ಭಾಳ ದೊಡ್ಡ ಜೀವ. ಈ ಕೈಯಿಲೆ ಆ ಗ್ವಾಡಿ ಮುಟ್ಟೀನಿ, ಬ್ಯಾಸಗ್ಯಾಗೂ ತಣ್ಣಗ ಇರ್ತದ. ಅಂಗಳದಾಗಿನ ಬಾವಿ ಅಂತೂ…”

“ಆ ಬಾವಿ ನೀರು ಕುಡದೀರೇನ್ರಿ ಯಣ್ಣಾ?” ಪುತಳಾಬಾಯಿ ಕೆಳಗಿನಿಂದ ಕೇಳಿದಳು.

“ಕುಡದೀನಿ ಯವ್ವಾ. ಕಬ್ಬಿನ ಹಾಲು!”

“ಅದು ಬಾವಿ ಅಲ್ರೀ. ಗೌಡ್ರ ಕರಿ ಎತ್ತು.”

ಯಾರೋ ಕೆಮ್ಮಿದಂತೆ ಮಾಡಿ ನಗೆ ನುಂಗಿದರು. “ಏ ಪುತಳಾ, ಬಾಯಿ ಮುಚ್ಚು!” ಎಂದ ಗೌಡ.

“ತ್ವಾಟ ಹೋಗಾಕತ್ತದ ನಂದು, ಬಾಯಿ ಹ್ಯಾಂಗ ಮುಚ್ಲಿ?” ಅವಳು ಸಾಹೇಬರ ಕಡೆ ತಿರುಗಿದಳು. “ಸಾಹೇಬ್ರ, ನಮ್ಮ ತ್ವಾಟದ ಬಾಜೂಕ ಮನಿ ಇಲ್ರಿ, ಗೌಡ್ರ ಕಣ ಅದ. ರಾಶಿ ಮಾಡೂ ಕಾಲ್ದಾಗ ಒಂದು ವಿಮಾನ ಬಂತ್ರಿ. ಮತ್ತ ಫೌಜು ಬಂತು, ಬಾಂಬ್ ಒಗೀತಾರ ಅಂತ ಊರಾಗ ಒಂದೇ ಗದ್ದಲ. ಬಿಳೀ ಅರಿವಿ ಹಾಸಿದ್ರ ಶರಣಾದೀವಿ ಅಂತ ಅವ್ರಿಗಿ ತಿಳೀತದ ಅಂತ ಯಾರೋ ಅಂದ್ರು. ಗಂಡಸರೆಲ್ಲಾ ಉಟ್ಟ ಧೋತ್ರ ಬಿಚ್ಚಿ ಗೌಡ್ರ ಕಣದಾಗ ಹಾಸಿದ್ರಿ. ಲಂಗೋಟಿ ಮ್ಯಾಲೆ ಇನ್ನೂ ಕೊಯ್ಯಲಾರದ ಜ್ವಾಳದಾಗ ಹೊಕ್ಕು ಕುಂತ್ರು. ಎತ್ತೊಂದು ಕಣದ ನಡುವಿನ ಮೇಟಿ ಕಂಬಕ್ಕ ಕಟ್ಟಿತ್ತು, ಅದು ಪಾಪ ಅಲ್ಲೇ ನಿಂತಿತ್ತು. ವಿಮಾನ ಗಿರಕಿ ಹೊಡದು ಹೋತು. ಇದು ಹವೇಲಿ ಅಲ್ರಿ, ನಮ್ಮೂರ ಧೋತ್ರ.”

ಸಾಹೇಬರಿಗೆ ನಗು ಬಂದಿತ್ತು. ಪೆನ್ಸಿಲ್ಲಿನಿಂದ ಪಕ್ಕದ ಚಿಕ್ಕ ಚೌಕ ತೋರಿಸಿ, “ಹಾಗಾದರೆ ಈ ಅಡುಗೆ ಮನೆ?” ಎಂದರು.

ಪುತಳಾಬಾಯಿ ಗಂಡನ ಕಡೆ ನೋಡಿದಳು.

“ಅದು ನಮ್ಮ ಓಣೀದು ರೀ. ನಾವೂ ಧೋತ್ರ ಒಯ್ದಿದ್ವಿ. ಇದರಾಗ ಕೂಡಸಬ್ಯಾಡ್ರಿ, ದೂರ ಹಾಸ್ರಿ ಅಂದ್ರು. ದೂರ ಹಾಸಿದ್ವಿ.”

ಸಾಹೇಬರ ನಗು ಅಲ್ಲಿಗೇ ನಿಂತಿತು. ತಲೆಯ ಮೇಲೆ ಸಾವು ಗುಂಯ್ಗುಡುತ್ತಿದ್ದಾಗಲೂ ಬಿಟ್ಟಿದ್ದ ಆ ಅಂತರ, ಸರ್ಕಾರದ ಫೋಟೋದಲ್ಲಿ ಬಿದ್ದು, ಒಬ್ಬ ಹೆಂಗಸಿನ ಗೆರೆಯಲ್ಲಿ ಇಳಿದು, ಈಗ ಚಾವಡಿಯ ಗೋಡೆಯ ಮೇಲೆ ಎಲ್ಲರ ಎದುರಿಗಿತ್ತು. ಹೊಗೆ ಬರಬಾರದೆಂದು ದೂರ ಕಟ್ಟಿದ್ದಾರೆ ಎಂದು ತಾನು ಹೇಳಿದ್ದು ಅಣವೀರಪ್ಪನಿಗೆ ನೆನಪಾಯಿತು.

ಭೀಮಶಾ ಗೌಡ ಎದ್ದು ನಿಂತ. ಅವನ ಮುಖ ಕಪ್ಪಿಟ್ಟಿತ್ತು. “ಹುಚ್ಚಿ ಮಾತು ಕೇಳಬ್ಯಾಡ್ರಿ ಸಾಹೇಬ್ರ. ಧೋತ್ರ ಗೀತ್ರ ಏನಿಲ್ಲ. ಮನಿ ಇತ್ತು. ಈಗ ಬಿದ್ದದ. ಬುನಾದಿ ಅದ, ಅದರ ಮ್ಯಾಲೆ ಕಣಕಿ ಬಣವಿ ಒಟ್ಟೀವಿ, ಅದಕ್ಕ ಕಾಣಾಂಗಿಲ್ಲ. ಹಿರೇರ ಜಾಗ, ರಸ್ತಾ ಬರಬಾರ್ದು. ಕಣ್ಣಿಲೆ ನೋಡಿದವ್ರು ಇಲ್ಲೇ ಅದಾರಲ್ಲ, ಅವ್ರನ್ನೇ ಕೇಳ್ರಿ.”

ಎಲ್ಲರ ಕಣ್ಣು ಅಣವೀರಪ್ಪನ ಮೇಲೆ ಬಿದ್ದವು. ಅವನು ಜೀವನವಿಡೀ ಬಯಸಿದ್ದ ನೋಟ ಅದು.

ಹೌದು ಎಂದರೆ ಸಾಕಿತ್ತು. ಊರ ಗೌಡನೇ ಸಾಕ್ಷಿ ನಿಂತಿದ್ದ. ಹೆಸರು ಉಳಿಯುತ್ತಿತ್ತು, ಹವೇಲಿ ಉಳಿಯುತ್ತಿತ್ತು. ಪುತಳಾಬಾಯಿಯ 'ಹುಚ್ಚಿ ಮಾತ'ನ್ನು ಯಾರು ಕೇಳುತ್ತಾರೆ? ಅವನ ಬಾಯಲ್ಲಿ ಮಾತು ಸಿದ್ಧವಾಗಿತ್ತು, ಬಿದ್ದ ಗೋಡೆಯ ಬಣ್ಣ ಸಮೇತ. ಆಗ ಅವಳು ಅವನ ಕಾಲಿನ ಕಡೆ ನೋಡಿದ್ದನ್ನು ಕಂಡ. ಹೊಸ ಚಪ್ಪಲಿಗಳು ಇನ್ನೂ ಕರ್ ಕರ್ ಎನ್ನುತ್ತಿದ್ದವು.

ಅವಳು ಗಟ್ಟಿಯಾಗಿ ಹೇಳಲಿಲ್ಲ. ಅವನಿಗಷ್ಟೇ ಕೇಳುವಂತೆ, “ತಿಪ್ಪಿ ಕಡಿ ಹೊಂಟಿದ್ರಿ ಯಣ್ಣಾ,” ಎಂದಳು.

“ಸಾಹೇಬ್ರ,” ಎಂದ ಅಣವೀರಪ್ಪ. “ನಾ ಈ ಊರಿಗಿ ಇವತ್ತೇ ಬಂದೀನ್ರಿ.”

“ಅಂದರೆ?”

“ನಡದಿಲ್ಲ. ಅಳದಿಲ್ಲ. ಗೆರಿ ಆಪಾಂದು, ಇಕ್ಬಾಲ್ ಬೇಗಂ ಅವ್ರದು. ತಿಳೀವಲ್ದು ಅಂತ ಈ ಜಾಗ ಖಾಲಿ ಬಿಟ್ಟಿದ್ರು. ಹವೇಲಿ ನಾ ಕಟ್ಟಿದ್ದು.”

ಬೈಗುಳಕ್ಕೆ ಅವನು ತಯಾರಾಗಿದ್ದ. ಸಾಹೇಬರು ಬೈಯಲಿಲ್ಲ. ಗೋಡೆಯಿಂದ ನಕ್ಷೆ ಬಿಡಿಸಿ ಸುರುಳಿ ಸುತ್ತಿದರು. “ಫೋಟೋ ಯಾರದು, ಗೆರೆ ಯಾರದು, ನೋಡಿದವರು ಯಾರು, ಇದು ಇಲ್ಲದ ನಕ್ಷೆಗೆ ಇಜಾಜತ್ ಇಲ್ಲ. ನಿಮಗೆ ಗೊತ್ತಿರಲಿಲ್ಲವೇ?”

“ಗೊತ್ತಿತ್ತು ರೀ.”

“ಮೂರೂ ಸಾಲು ಬರಬೇಕು, ಜಾಗ ತಿದ್ದಬೇಕು. ಆ ಬೇಗಂ ಅವರು ಮತ್ತೆ ಒಪ್ಪಿದರೆ ಮಾತ್ರ ಇದು ನಕ್ಷೆ. ಇಲ್ಲದಿದ್ದರೆ ರದ್ದಿ. ಅಲ್ಲಿಯವರೆಗೆ ಯಾರ ತೋಟಕ್ಕೂ ಪೆನ್ಸಿಲ್ಲು ಹಚ್ಚೋದಿಲ್ಲ.”

ಬಸ್ಸಿನವರೆಗೆ ಪೀರಪ್ಪ ಜೊತೆಗೆ ಬಂದ. ಪುತಳಾಬಾಯಿ ಬುಟ್ಟಿಯಿಂದ ಒಂದು ಹಣಿಗೆ ಬಾಳೆ ಮುರಿದು ಕೊಟ್ಟಳು. ಅಣವೀರಪ್ಪ ಕೈ ಚಾಚಲು ಹಿಂಜರಿದ.

“ನಿಮಗಲ್ರೀ,” ಎಂದಳು ಅವಳು. “ಖಾಲಿ ಬಿಟ್ಟಾಕಿಗಿ.”

ಕೋಟೆಯ ಹಿಂದಿನ ಓಣಿಯಲ್ಲಿ ಅವನು ಎಲ್ಲವನ್ನೂ ಹೇಳಿದ. ಕಣ, ಧೋತರ, ಎತ್ತು, ದೂರ ಹಾಸಿದ ಧೋತರ. ಉಜ್ಜುವ ಕಲ್ಲನ್ನೂ ಹೇಳಿದ. ಮಸ್ತಾನಬಿ ಗೋಡೆಗೆ ಒರಗಿ ಕೂತು ಕೇಳುತ್ತಿದ್ದಳು. ಪರದೆ ಅಲುಗಲಿಲ್ಲ.

ಒಳಗಿನಿಂದ ಪ್ರಶ್ನೆ ಬಂತು. “ಗಿಣಿ?”

“ಇಲ್ಲ ಆಪಾ.”

“ಸಂಜಿಗಿ ಗ್ವಾಡಿ ಕೆಂಪಗ ಆಗೋದು?”

“ಇಲ್ಲ.”

“ದಿಲ್ಶಾದ್ ಆಪಾ?”

ಅವನು ತಲೆ ಅಲ್ಲಾಡಿಸಿದ. ಅದು ಪರದೆಯ ಆಚೆ ಕಾಣಲಿಲ್ಲ. ಅವಳು ಕಾದಳು.

“ಇಲ್ಲ ಆಪಾ. ಇದ್ದಿದ್ದೇ ಇಲ್ಲ.”

“ಉಪ್ಪಿನಕಾಯಿ ಯಾರು ತಿಂದ್ರು ಮತ್ತ?”

“ನಾ,” ಎಂದ. “ನಾಗಣ್ಣನ ಹೊಟೇಲದಾಗ.”

ಮಸ್ತಾನಬಿ “ಯಾ ಅಲ್ಲಾ” ಎಂದು ಮುಖ ತಿರುಗಿಸಿದಳು. ಅಣವೀರಪ್ಪ ಬಾಳೆಹಣ್ಣಿನ ಹಣಿಗೆಯನ್ನು ಪರದೆಯ ಕಡೆ ಸರಿಸಿದ. ಇದೊಂದನ್ನಾದರೂ ಕೊಡಬಹುದು ಎಂದು ದಾರಿಯುದ್ದಕ್ಕೂ ಎದೆಗೆ ಅವಚಿಕೊಂಡು ತಂದಿದ್ದ. “ಪುತಳಾಬಾಯಿ ಕೊಟ್ಟಾಳ. ಅವ್ರ ತ್ವಾಟದ್ದು. ನಿನಗಂತ ಕಳಿಸ್ಯಾಳ.”

ಪರದೆಯ ಕೆಳಗಿನಿಂದ ಒಂದು ಕೈ ಬಂತು. ಹಣ್ಣಿನ ಸಿಪ್ಪೆಯನ್ನು ಮೆಲ್ಲಗೆ ಮುಟ್ಟಿ, ಹಿಂದೆ ಸರಿಯಿತು.

“ಸ್ಟೇಶನ್ ಬಜಾರದಾಗ ತಗೊಂಡ್ರೇನು ಇವು?” ಎಂದಳು ಇಕ್ಬಾಲ್ ಬೇಗಂ. ಕುಹಕವಿರಲಿಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದ್ದಳು. “ಖರೆ ಹೇಳ್ರಿ ಅಣವೀರಪ್ಪನವರೆ. ನಿಮಗ ಏನೂ ಅನ್ನಾಂಗಿಲ್ಲ.”

ಅಣವೀರಪ್ಪನವರೆ. ಇಷ್ಟು ದಿನ ಭಾಯಿ ಆಗಿದ್ದವನು ಪರದೆಯ ಹೊರಗಿನ ಯಾರೋ ದೊಡ್ಡ ಮನುಷ್ಯನಾಗಿದ್ದ. ಕಮಲಾಪುರದ ಹಣ್ಣು ಕಮಲಾಪುರದ್ದೇ ಎಂದು ಅವನು ಆಣೆ ಮಾಡಲು ಹೊರಟ. ತನ್ನ ಆಣೆಗೆ ಈ ಮನೆಯಲ್ಲಿ ಏನು ಕಿಮ್ಮತ್ತು ಎಂದು ಹೊಳೆದು ಸುಮ್ಮನಾದ.

“ಕಲ್ಲು ಉಜ್ಜೋದು ನಿಮಗ ಬರ್ತದ,” ಎಂದಿತು ಪರದೆ. “ಹವೇಲಿ ಉಜ್ಜಿ ತೆಗೀರಿ. ನಿಮ್ಮ ಹೆಸರೂ. ನಾ ಒಪ್ತೀನೋ ಇಲ್ಲೋ, ನೋಡಿ ಬಂದ ಮ್ಯಾಲೆ ಹೇಳ್ತೀನಿ. ಮಸ್ತಾನಬಿ ಹೋಗ್ತಾಳ ನೋಡಾಕ. ಆಕಿಗಿ ಬಸ್ಸು ಹತ್ತಿಸಿ ಇಳಿಸೋದು ನಿಮ್ಮ ಕೆಲಸ. ಮೂರನೇ ಸಾಲಿನಾಗ ಆಕಿ ಹೆಸರ ಬರೀರಿ.”

“ಹೂಂ ಆಪಾ.”

“ಮತ್ತ ಆ ಹೆಣ್ಮಗಳಿಗಿ ಒಂದು ಭರಣಿ ಕಳಸ್ತೀನಿ. ಮಸ್ತಾನಬಿ ಕೈಯಾಗ.”

ಮಾರನೆಯ ಬೆಳಿಗ್ಗೆ ಬಸ್ಸಿನ ಕಿಟಕಿಯ ಪಕ್ಕ ಮಸ್ತಾನಬಿ ಕೂತಳು, ಬುರ್ಖಾದ ಮಡಿಲಲ್ಲಿ ಭರಣಿ. ಪಕ್ಕದಲ್ಲಿ ಅಣವೀರಪ್ಪ. ಮುಂದಿನ ಸೀಟಿನಲ್ಲಿದ್ದ ನಾಗಣ್ಣನ ಹೊಟೇಲಿನ ಗಿರಾಕಿಯೊಬ್ಬ ತಿರುಗಿ, “ಏನ್ರೀ ಅಣವೀರಪ್ಪ, ಸುಮ್ಮ ಕುಂತೀರಿ? ಹಾದಿ ಸಾಗ್ಲಿ, ಏನರ ಹೇಳ್ರಿ,” ಎಂದ. ಆ ಉಪ್ಪಿನಕಾಯಿಯ ಪಾಲು ಅವನ ತಾಟಿಗೂ ಬಿದ್ದಿತ್ತು.

ಅಣವೀರಪ್ಪನ ಬಾಯಿ ಚಾಳಿಯ ಬಲದಿಂದ ತೆರೆಯಿತು. “ಈ ಹಳ್ಳ ಕಾಣಸ್ತದಲ್ಲ…”

ಮಸ್ತಾನಬಿ ಭರಣಿಯ ಮುಚ್ಚಳದ ಮೇಲೆ ಕೈ ಒತ್ತಿ ಹಿಡಿದಳು. “ಬಾಯಿ ಬಂದ್ ಮಾಡಪ್ಪಾ,” ಎಂದಳು. “ನೋಡು ಸುಮ್ನ.”

ಅವನು ನೋಡಿದ. ಹಳ್ಳದಲ್ಲಿ ನೀರು ಹೆಚ್ಚಿರಲಿಲ್ಲ. ರಸ್ತೆಯ ಬದಿಗೆ ಮನೆಗಳು ಬಂದವು, ಹೋದವು. ಎಳೆ ಬಿಸಿಲಿಗೆ ಪ್ರತಿ ಮನೆಗೂ ಉದ್ದನೆಯ ನೆರಳು ಬಿದ್ದಿತ್ತು.